‘ಕತ್ತಿ ಬಿದ್ದರೆ ಗಂಟು ಕೆರಳುತ್ತೆ’ ಅಂತಾರಲ್ಲ, ನಿಜವಾ?

ಓದುಗರ ಪ್ರಶ್ನೆ:

ನಮಸ್ಕಾರ ಡಾಕ್ಟ್ರೇ. ನಮ್ಮದು ಮದ್ದೂರು ತಾಲ್ಲೂಕಿನ ಒಂದು ಹಳ್ಳಿ. ಅಮ್ಮನಿಗೆ 57 ವರ್ಷ. ಮದುವೆಯಾದಾಗಿನಿಂದ ಎಲೆಅಡಿಕೆ, ಜೊತೆಗೆ ಚೂರು ಹೊಗೆಸೊಪ್ಪು ಹಾಕುವ ಅಭ್ಯಾಸ. ನಾಲ್ಕು ತಿಂಗಳಿಂದ ಎಡಗೆನ್ನೆಯ ಒಳಗಿನ ಹುಣ್ಣು ವಾಸಿಯಾಗಲಿಲ್ಲ. ಮೈಸೂರಿನಲ್ಲಿ ತೋರಿಸಿದೆವು. ಚೂರು ತೆಗೆದು ಪರೀಕ್ಷೆಗೆ ಕಳಿಸಿದರು, ಕ್ಯಾನ್ಸರ್ ಅಂತ ಬಂತು. ಗಡ್ಡೆ ಎರಡೂವರೆ ಸೆಂಟಿಮೀಟರ್ ಇದೆ, ದವಡೆ ಮೂಳೆಯ ಹತ್ತಿರಕ್ಕೆ ಬಂದಿದೆ, ಕುತ್ತಿಗೆಯಲ್ಲಿ ಗಂಟು ಕಾಣುತ್ತಿಲ್ಲ ಅಂತ ಸ್ಕ್ಯಾನ್ ರಿಪೋರ್ಟಿನಲ್ಲಿದೆ. ಕೆನ್ನೆಯ ಒಳಭಾಗ, ದವಡೆಯ ಅಂಚು, ಕುತ್ತಿಗೆಯ ಗಂಟುಗಳು ಎಲ್ಲ ತೆಗೆದು, ಬೇರೆ ಕಡೆಯಿಂದ ಚರ್ಮ ತಂದು ಮುಚ್ಚಬೇಕು, ಬೇಕಾದರೆ ಆಮೇಲೆ ಕರೆಂಟ್ (ರೇಡಿಯೇಷನ್) ಅಂತ ಹೇಳಿದ್ದಾರೆ. ನಮ್ಮ ದೊಡ್ಡಪ್ಪ ಮಾತ್ರ ಬೇಡವೇ ಬೇಡ ಅಂತಾರೆ. ಕತ್ತಿ ಬಿದ್ದರೆ ಗಂಟು ಕೆರಳುತ್ತೆ, ಚೂರು ತೆಗೆಸಿದ್ದೇ ತಪ್ಪು ಅನ್ನೋದು ಅವರ ಮಾತು. ನಮ್ಮ ಬೀದಿಯಲ್ಲೇ ಒಬ್ಬ ಅಕ್ಕನಿಗೆ ಎದೆಯ ಕ್ಯಾನ್ಸರ್, ಅವರಿಗೆ ಆಪರೇಷನ್ ಇಲ್ಲದೆ ಇಂಜೆಕ್ಷನ್ ಕೊಡ್ತಿದ್ದಾರೆ. ನಮಗೆ ಯಾಕೆ ಮೊದಲೇ ಆಪರೇಷನ್? ಕುತ್ತಿಗೆಯಲ್ಲಿ ಏನೂ ಇಲ್ಲದಿದ್ದರೂ ಯಾಕೆ ಕೊಯ್ಯಬೇಕು? ಕರೆಂಟಿನಲ್ಲೇ ವಾಸಿಯಾಗಲ್ವಾ? ಮಲೆನಾಡಿನ ಕಡೆಯಿಂದ ಒಬ್ಬರು ತೊಗಟೆ ಔಷಧಿ ತಂದುಕೊಟ್ಟಿದ್ದಾರೆ, ಅದನ್ನು ನೋಡಿಕೊಂಡು, ಕಬ್ಬು ಕಟಾವು ಮುಗಿಸಿ, ಯುಗಾದಿ ಕಳೆದ ಮೇಲೆ ಮಾಡಿಸಬಹುದಾ? ಅಮ್ಮನಿಗೆ ಬರೀ ಹುಣ್ಣು ಅಂತ ಹೇಳಿದ್ದೀವಿ. ಅವಳು ಕೇಳ್ತಿರೋದು ಒಂದೇ, ಡೈರಿಗೆ ಹಾಲು ಹಾಕೋದು ನಿಲ್ಲುತ್ತಾ ಅಂತ.

ಉತ್ತರ:

ನಿಮ್ಮ ಪತ್ರ ಓದಿ ನನಗೆ ಮೊದಲು ಅನ್ನಿಸಿದ್ದು, ನೀವು ರಿಪೋರ್ಟನ್ನು ಸರಿಯಾಗಿ ಓದಿಕೊಂಡಿದ್ದೀರಿ ಅಂತ. ಎಷ್ಟೋ ಮನೆಯವರು ನನ್ನ ಮುಂದೆ ಕೂತಾಗ ಗಡ್ಡೆ ಎಷ್ಟು ದೊಡ್ಡದು ಅಂತ ಕೇಳಿದರೆ ಫೈಲನ್ನೇ ನನ್ನ ಕಡೆ ತಳ್ಳುತ್ತಾರೆ. ನೀವು ಕೊಟ್ಟ ವಿವರ ಇದ್ದುದರಿಂದಲೇ ಇಷ್ಟು ಉದ್ದ ಉತ್ತರ ಬರೆಯಲು ಆಗುತ್ತಿದೆ. ಆದರೂ ಇದು ನಿಮ್ಮ ತಾಯಿಯ ಬಾಯಿಗೆ ಬೆರಳು ಹಾಕಿ ನೋಡದೆ ಬರೆದದ್ದು. ಕೊನೆಯ ಮಾತು ಅವರನ್ನು ನೋಡಿದ ಡಾಕ್ಟರದ್ದೇ.

ನಿಮ್ಮ ದೊಡ್ಡಪ್ಪನ ಮಾತಿನಿಂದಲೇ ಶುರು ಮಾಡೋಣ. ಅದನ್ನು ನಾನು ನಗುತ್ತಾ ತಳ್ಳಿಹಾಕುವುದಿಲ್ಲ. ಮಂಡ್ಯ, ನಾಗಮಂಗಲ, ಎಚ್.ಡಿ. ಕೋಟೆ, ಎಲ್ಲಿಂದ ಬಂದವರ ಬಾಯಲ್ಲೂ ನಾನು ಈ ಮಾತು ಕೇಳಿದ್ದೇನೆ. ಕೆಲವರು ಕತ್ತಿ ಅಂತಾರೆ, ಕೆಲವರು ಗಾಳಿ ಅಂತಾರೆ. ಹಳ್ಳಿಯವರು ಓದಿಲ್ಲ, ಅದಕ್ಕೆ ಹೀಗೆ ಅಂದುಕೊಳ್ಳಬೇಡಿ. ಅಮೆರಿಕದಲ್ಲಿ ಶ್ವಾಸಕೋಶದ ಕ್ಲಿನಿಕ್ಕುಗಳಿಗೆ ಬಂದವರನ್ನು ಕೇಳಿ ಮಾಡಿದ ಒಂದು ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಆಪರೇಷನ್ ವೇಳೆ ಗಾಳಿ ತಾಗಿದರೆ ಕ್ಯಾನ್ಸರ್ ಹರಡುತ್ತದೆ ಅಂತ ನೂರಕ್ಕೆ 38 ಜನ ನಂಬಿದ್ದರು. ಅಲ್ಲಿಗೂ ಇಲ್ಲಿಗೂ ದೊಡ್ಡ ವ್ಯತ್ಯಾಸ ಇಲ್ಲ.

ಇಷ್ಟು ಜನ ನಂಬಬೇಕಾದರೆ ಕಣ್ಣಾರೆ ಕಂಡದ್ದು ಏನೋ ಇರಬೇಕು, ಅಲ್ವಾ? ಇದೆ. ಹಿಂದೆ ಸಿಟಿ ಸ್ಕ್ಯಾನ್ ಇರಲಿಲ್ಲ. ಹೊಟ್ಟೆಯಲ್ಲಿ ಗಡ್ಡೆ ಅಂತ ತೆರೆಯುತ್ತಿದ್ದರು. ಒಳಗೆಲ್ಲ ಹರಡಿರುವುದು ಆಗಲೇ ಕಾಣುತ್ತಿತ್ತು. ಏನೂ ಮಾಡಲಾಗದೆ ಮುಚ್ಚಿ ಹೊಲಿದು ಕಳಿಸುತ್ತಿದ್ದರು. ಎರಡು ತಿಂಗಳಲ್ಲಿ ಆ ಮನುಷ್ಯ ಹೋಗಿಬಿಡುತ್ತಿದ್ದ. ಊರಿನವರ ಲೆಕ್ಕ ಏನಾಯಿತು? ನಡೆದುಕೊಂಡು ಆಸ್ಪತ್ರೆಗೆ ಹೋದ, ತೆರೆದರು, ಹೆಣವಾಗಿ ಬಂದ. ಆಪರೇಷನ್ನಿಗೆ ಒಂದು ವರ್ಷ ಮುಂಚೆಯೇ ಒಳಗೆ ನಡೆಯುತ್ತಿದ್ದದ್ದು ಯಾರಿಗೂ ಕಂಡಿರಲಿಲ್ಲ.

ಇನ್ನೊಂದು ಕಾರಣ, ನಾವು ದಿನ ಎಣಿಸುವ ರೀತಿ. ಬಾಯಿ ಕ್ಯಾನ್ಸರ್ ಮತ್ತೆ ಬರುವುದಿದ್ದರೆ ಹೆಚ್ಚಾಗಿ ಮೊದಲ ಎರಡು ವರ್ಷದೊಳಗೇ ಬರುತ್ತದೆ. ಬಂದಾಗ ‘ಆಪರೇಷನ್ ಆಗಿ ಎಂಟು ತಿಂಗಳಿಗೇ ಮತ್ತೆ ಬಂತು ನೋಡಿ’ ಅಂತಾರೆ. ಹುಣ್ಣು ಶುರುವಾಗಿ ಎಷ್ಟು ತಿಂಗಳಾಗಿತ್ತು ಅಂತ ಯಾರೂ ಎಣಿಸುವುದಿಲ್ಲ.

ಮೂರನೆಯದನ್ನು ಹೇಳುವಾಗ ನನಗೆ ಸಿಟ್ಟು ಬರುತ್ತದೆ. ಅರ್ಧಂಬರ್ಧ ಆಪರೇಷನ್. ಕೆಲವು ವರ್ಷಗಳ ಹಿಂದೆ ಒಬ್ಬರು ನನ್ನ ಹತ್ತಿರ ಬಂದಿದ್ದರು. ನಾಲಿಗೆಯ ಅಂಚಿನಲ್ಲಿ ಸಣ್ಣ ಗಂಟು ಇತ್ತಂತೆ. ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ, ಮುಂಚೆ ಚೂರು ತೆಗೆದು ಪರೀಕ್ಷೆಗೆ ಕಳಿಸದೆ, ಮೇಲಿಂದ ಗಂಟನ್ನಷ್ಟೇ ಚಿವುಟಿದ ಹಾಗೆ ತೆಗೆದಿದ್ದರು. ತೆಗೆದದ್ದನ್ನು ಲ್ಯಾಬಿಗೂ ಕಳಿಸಿರಲಿಲ್ಲ. ಐದು ತಿಂಗಳ ಮೇಲೆ ಬಂದಾಗ ಗಡ್ಡೆ ನಾಲಿಗೆಯ ಬುಡಕ್ಕೆ ಇಳಿದಿತ್ತು, ಕುತ್ತಿಗೆಯಲ್ಲಿ ನಿಂಬೆಹಣ್ಣಿನಷ್ಟು ಗಂಟು. ಅವರ ಹೆಂಡತಿ ಇವತ್ತಿಗೂ ಕತ್ತಿ ಹಾಕಿದ್ದರಿಂದಲೇ ಕೆರಳಿತು ಅಂತ ಹೇಳುತ್ತಿರಬಹುದು. ಅವರದು ತಪ್ಪಲ್ಲ. ಗದ್ದೆಯಲ್ಲಿ ಗರಿಕೆಯನ್ನು ಮೇಲಿಂದ ಕೊಯ್ದರೆ ಏನಾಗುತ್ತೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಹಾಗಾದರೆ ಕತ್ತಿಯಿಂದ ಕ್ಯಾನ್ಸರ್ ಹರಡುವುದೇ ಇಲ್ಲವಾ? ‘ಇಲ್ಲವೇ ಇಲ್ಲ’ ಅಂತ ಹೇಳಿದರೆ ನಾನು ಪೂರ್ತಿ ನಿಜ ಹೇಳಿದಂತೆ ಆಗುವುದಿಲ್ಲ. ಕೆಲವು ಕಡೆ ನಾವೇ ಹುಷಾರಾಗಿರುತ್ತೇವೆ. ವೃಷಣದ ಗಡ್ಡೆಗೆ ಚೀಲದ ಚರ್ಮದ ಮೂಲಕ ಸೂಜಿ ಹಾಕುವುದಿಲ್ಲ. ಅಂಡಾಶಯದಲ್ಲಿ ನೀರುಗುಳ್ಳೆಯ ಹಾಗಿರುವ ಗಡ್ಡೆ ಕ್ಯಾನ್ಸರ್ ಅಂತ ಅನುಮಾನ ಇದ್ದರೆ ಚುಚ್ಚಿ ಒಡೆಯದೆ ಇಡಿಯಾಗಿ ತೆಗೆಯುತ್ತೇವೆ. ಮೂಳೆಯ ಗಡ್ಡೆಗೆ ಸೂಜಿ ಹಾಕುವಾಗ, ಮುಂದೆ ಆಪರೇಷನ್ ಮಾಡುವವರೇ ಜಾಗ ತೋರಿಸಬೇಕು. ಸೂಜಿ ಹೋದ ದಾರಿಯನ್ನೂ ಆಮೇಲೆ ಸೇರಿಸಿ ತೆಗೆಯಬೇಕಾಗುತ್ತದೆ. ಗರ್ಭಕೋಶದ ಕೊರಳಿನ ಕ್ಯಾನ್ಸರಿಗೆ ತೂತು ಹಾಕಿ ಮಾಡುವ ಆಪರೇಷನ್ನಿಗಿಂತ ಹೊಟ್ಟೆ ತೆರೆದು ಮಾಡುವ ಹಳೆಯ ವಿಧಾನವೇ ಒಳ್ಳೆಯ ಫಲ ಕೊಟ್ಟಿತು ಅಂತ 2018ರ ದೊಡ್ಡ ಅಧ್ಯಯನ ತೋರಿಸಿತು. ನಾವೆಲ್ಲ ಬೆಚ್ಚಿಬಿದ್ದು ಹಳೆಯ ವಿಧಾನಕ್ಕೆ ಮರಳಿದೆವು. ಅಂದರೆ ಗಡ್ಡೆಯನ್ನು ಹೇಗೆ ಮುಟ್ಟುತ್ತೀವಿ ಅನ್ನುವುದು ಮುಖ್ಯ. ಆದರೆ ನಿಮ್ಮ ತಾಯಿಯ ಬಾಯಿಯಿಂದ ತೆಗೆದ ಚೂರು ಈ ಸಾಲಿಗೆ ಸೇರುವುದಿಲ್ಲ. ಹುಣ್ಣು ಈಗಾಗಲೇ ಬಾಯೊಳಗೆ ತೆರೆದುಕೊಂಡಿದೆ. ಅವರು ದಿನಾ ಅಗಿಯುವಾಗ ಹಲ್ಲಿಗೆ ತಾಗುತ್ತಲೇ ಇದೆ. ಅದರ ಅಂಚಿನಿಂದ ಹೆಸರುಕಾಳಿನಷ್ಟು ತೆಗೆದದ್ದರಿಂದ ಕೆರಳುವುದಿಲ್ಲ. ತೆಗೆಯದೆ ಇದ್ದಿದ್ದರೆ ಇದು ಕ್ಯಾನ್ಸರೋ, ಹಲ್ಲು ತಾಗಿ ತಾಗಿ ಆದ ಹುಣ್ಣೋ ಅಂತ ಯಾರೂ ಹೇಳಲು ಆಗುತ್ತಿರಲಿಲ್ಲ. ಚೂರು ತೆಗೆಯದೆ ಆಪರೇಷನ್ ಮಾಡ್ತೀನಿ ಅನ್ನುವ ಡಾಕ್ಟರ್ ಸಿಕ್ಕರೆ ನೀವು ಅಲ್ಲಿಂದ ಎದ್ದು ಬರಬೇಕು.

ಇನ್ನು ಆ ಎದೆ ಕ್ಯಾನ್ಸರಿನ ಅಕ್ಕನ ವಿಷಯ. ಕ್ಯಾನ್ಸರ್ ಅನ್ನೋದು ಒಂದೇ ಕಾಯಿಲೆಯ ಹೆಸರಲ್ಲ. ರಕ್ತದ ಕ್ಯಾನ್ಸರಿಗೆ ನನ್ನಂಥವನ ಕತ್ತಿ ಕೆಲಸಕ್ಕೇ ಬಾರದು. ಗರ್ಭಕೋಶದ ಕೊರಳಿನ ಕ್ಯಾನ್ಸರ್ ಅಕ್ಕಪಕ್ಕಕ್ಕೆ ಇಳಿದಿದ್ದರೆ ಆಪರೇಷನ್ ಬಿಟ್ಟು ಕರೆಂಟ್, ಕೀಮೋ ಎರಡನ್ನೂ ಸೇರಿಸಿ ಕೊಡುತ್ತಾರೆ. ಎದೆಯ ಕ್ಯಾನ್ಸರಿನಲ್ಲಿ ಗಡ್ಡೆ ದೊಡ್ಡದಿದ್ದರೆ, ಅಥವಾ ಕಂಕುಳಿಗೆ ಬಂದಿದ್ದರೆ, ಮೊದಲು ಇಂಜೆಕ್ಷನ್ ಕೊಟ್ಟು ಕುಗ್ಗಿಸಿ ಆಮೇಲೆ ತೆಗೆಯುವುದುಂಟು. ಆಕೆಗೆ ಆಪರೇಷನ್ ಇಲ್ಲ ಅಂತಲ್ಲ, ಇನ್ನೂ ಬಂದಿಲ್ಲ ಅಂತ ಇರಬಹುದು. ಒಂದು ವೇಳೆ ಬೇರೆ ಅಂಗಗಳಿಗೆ ಹೋಗಿದ್ದರೆ ಎದೆಯ ಗಡ್ಡೆ ತೆಗೆಯುವುದರಿಂದ ಆಯಸ್ಸು ಹೆಚ್ಚುತ್ತಾ ಅಂತ ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು 350 ಹೆಂಗಸರಲ್ಲಿ ಪರೀಕ್ಷಿಸಿ ನೋಡಿದರು. 2015ರಲ್ಲಿ ಫಲಿತಾಂಶ ಬಂತು. ತೆಗೆದವರಿಗೂ ತೆಗೆಯದವರಿಗೂ ಆಯಸ್ಸಿನಲ್ಲಿ ವ್ಯತ್ಯಾಸ ಇರಲಿಲ್ಲ. ಆದ್ದರಿಂದ ಅಂಥವರಿಗೆ ಸುಮ್ನೆ ಕೊಯ್ಯುವುದಿಲ್ಲ. ಕೊಯ್ಯುವುದೇ ಕಸುಬಾದವರೇ ಈ ಪರೀಕ್ಷೆ ಮಾಡಿ, ‘ಇಲ್ಲಿ ನಮ್ಮಿಂದ ಪ್ರಯೋಜನ ಇಲ್ಲ’ ಅಂತ ಬರೆದರು ಅನ್ನೋದು ನನಗೆ ಇವತ್ತಿಗೂ ಹೆಮ್ಮೆಯ ವಿಷಯ.

ಕೆನ್ನೆಯ ಕ್ಯಾನ್ಸರಿನ ಸ್ವಭಾವ ಬೇರೆ. ಅದು ಬಹಳ ದಿನ ಇದ್ದಲ್ಲೇ ಇರುತ್ತದೆ. ಮೊದಲು ಅಕ್ಕಪಕ್ಕಕ್ಕೆ, ಆಮೇಲೆ ಕುತ್ತಿಗೆಯ ಗಂಟುಗಳಿಗೆ. ಶ್ವಾಸಕೋಶಕ್ಕೋ ಲಿವರಿಗೋ ಹೋಗುವುದು ಸಾಮಾನ್ಯವಾಗಿ ತಡವಾಗಿ. ಇದ್ದಲ್ಲೇ ಇರುವ ಕಾಯಿಲೆಯನ್ನು ಬುಡಸಮೇತ ತೆಗೆಯಬಹುದು. ಅದಕ್ಕೇ ಇಲ್ಲಿ ಆಪರೇಷನ್ ಮೊದಲು. ಕೀಮೋ ಒಂದರಿಂದಲೇ ಕೆನ್ನೆಯ ಕ್ಯಾನ್ಸರ್ ವಾಸಿಯಾಗುವುದಿಲ್ಲ.

‘ಕರೆಂಟಿನಲ್ಲೇ ಆಗಲ್ವಾ’ ಅಂತ ಕೇಳಿದ್ದೀರಿ. ಗಂಟಲಿನ ಧ್ವನಿಪೆಟ್ಟಿಗೆಯ ಸಣ್ಣ ಕ್ಯಾನ್ಸರ್ ಆಗಿದ್ದರೆ ನಾನೇ ‘ಆಗುತ್ತೆ, ಅದನ್ನೇ ಮಾಡಿಸಿ’ ಅನ್ನುತ್ತಿದ್ದೆ. ಕೆನ್ನೆಯಲ್ಲಿ ಹಾಗಲ್ಲ. ಗಡ್ಡೆ ದವಡೆ ಮೂಳೆಯ ಹತ್ತಿರ ಬಂದಾಗ ಕರೆಂಟ್ ಅಷ್ಟು ಚೆನ್ನಾಗಿ ಕೆಲಸ ಮಾಡುವುದಿಲ್ಲ. ಪೂರ್ತಿ ಡೋಸ್ ಬಿದ್ದ ಮೂಳೆ ಮುಂದೆ ಎಂದಾದರೂ ಒಣಗಿ ಕೊಳೆಯುವ ಅಪಾಯವೂ ಇದೆ. ಬಾಯಿ ಒಣಗುವುದು, ರುಚಿ ಹೋಗುವುದು ಜೊತೆಗೆ. ಇನ್ನೊಂದು ಮುಖ್ಯ ಮಾತು. ಒಂದು ಜಾಗಕ್ಕೆ ಪೂರ್ತಿ ಡೋಸ್ ಕರೆಂಟ್ ಕೊಟ್ಟ ಮೇಲೆ ಅದೇ ಜಾಗಕ್ಕೆ ಮತ್ತೆ ಅಷ್ಟೇ ಕೊಡುವುದು ಬಹಳ ಕಷ್ಟ. ಮೊದಲು ಕರೆಂಟ್ ಕೊಟ್ಟು ಅದು ಸೋತರೆ ಆಮೇಲೆ ಆಪರೇಷನ್ ಮಾಡಬಹುದು, ಆದರೆ ಕರೆಂಟ್ ಬಿದ್ದ ಚರ್ಮ ಹೊಲಿಗೆಗೆ ಸರಿಯಾಗಿ ಕೂಡಿಕೊಳ್ಳುವುದಿಲ್ಲ. ಅದಕ್ಕೆ ಅದನ್ನು ಆಪರೇಷನ್ ನಂತರಕ್ಕೆ, ಬೇಕಾದವರಿಗೆ ಮಾತ್ರ ಅಂತ ಇಟ್ಟುಕೊಳ್ಳುತ್ತೇವೆ.

ಈಗ ಕುತ್ತಿಗೆಗೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಪ್ರಶ್ನೆ ಇದು. ನಾವು ಡಾಕ್ಟರುಗಳೂ ಇದರ ಮೇಲೆ ಹಲವು ದಶಕ ಜಗಳ ಆಡಿದ್ದೇವೆ.

ಕುತ್ತಿಗೆಯಲ್ಲಿ ಅವರೆಕಾಳಿನಂಥ, ಅದಕ್ಕಿಂತ ಸಣ್ಣ ಗಂಟುಗಳು ಎಲ್ಲರಿಗೂ ಇರುತ್ತವೆ. ಬಾಯಿಂದ ಇಳಿಯುವ ಸೋಂಕನ್ನು ಹಿಡಿದು ನಿಲ್ಲಿಸುವ ಕಾವಲು ಅವು. ಕ್ಯಾನ್ಸರ್ ಕಣವೂ ಮೊದಲು ಅಲ್ಲೇ ಹೋಗಿ ಕೂರುತ್ತದೆ. ಕೂತ ಕಣ ರಾಗಿಕಾಳಿನಷ್ಟು ಬೆಳೆದರೂ ಸಾಮಾನ್ಯವಾಗಿ ಸ್ಕ್ಯಾನಿಗೆ ಕಾಣುವುದಿಲ್ಲ, ಕೈಗೂ ಸಿಗುವುದಿಲ್ಲ. ಸ್ಕ್ಯಾನಿನಲ್ಲಿ ‘ಗಂಟು ಇಲ್ಲ’ ಅಂದರೆ ‘ಕಾಣುವಷ್ಟು ದೊಡ್ಡ ಗಂಟು ಇಲ್ಲ’ ಅಂತಷ್ಟೇ ಅರ್ಥ. ಆಗ ಎರಡು ದಾರಿ. ಬಾಯಿಯದನ್ನು ಮಾತ್ರ ತೆಗೆದು ಕುತ್ತಿಗೆಯ ಮೇಲೆ ಕಣ್ಣಿಟ್ಟಿರುವುದು, ಬಂದರೆ ಆಗ ಕೊಯ್ಯುವುದು. ಇಲ್ಲವೇ ಒಟ್ಟಿಗೇ ಎರಡನ್ನೂ ತೆಗೆಯುವುದು. ಮೊದಲನೆಯದು ಕೇಳಲು ಎಷ್ಟು ನ್ಯಾಯ ಅನ್ನಿಸುತ್ತದೆ! ನಾನೂ ಓದುವ ಕಾಲದಲ್ಲಿ ಅದೇ ಪಕ್ಷದಲ್ಲಿದ್ದೆ.

ಇದನ್ನೂ ತೀರ್ಮಾನಿಸಿದ್ದು ಅದೇ ಟಾಟಾ ಆಸ್ಪತ್ರೆ. ನಿಮ್ಮ ತಾಯಿಯಂಥವರೇ, ಅಂದರೆ ಬಾಯಲ್ಲಿ ಸಣ್ಣ ಗಡ್ಡೆ, ಕುತ್ತಿಗೆಯಲ್ಲಿ ಏನೂ ಕಾಣದವರು, 500 ಜನ. ಅರ್ಧ ಜನಕ್ಕೆ ಕುತ್ತಿಗೆಯನ್ನೂ ಒಟ್ಟಿಗೇ ಮಾಡಿದರು. ಉಳಿದರ್ಧಕ್ಕೆ ಕಾದು ನೋಡಿದರು. ಫಲಿತಾಂಶ 2015ರಲ್ಲಿ ಬಂತು. ಮೂರು ವರ್ಷದ ಲೆಕ್ಕದಲ್ಲಿ, ಒಟ್ಟಿಗೇ ಮಾಡಿಸಿಕೊಂಡವರಲ್ಲಿ ನೂರಕ್ಕೆ 80 ಜನ ಬದುಕಿದ್ದರು. ಕಾದವರಲ್ಲಿ 67. ಒಟ್ಟಿಗೇ ತೆಗೆದವರ ಗಂಟುಗಳನ್ನು ಲ್ಯಾಬಿನಲ್ಲಿ ನೋಡಿದಾಗ ಹತ್ತರಲ್ಲಿ ಸುಮಾರು ಮೂವರಿಗೆ ಅಲ್ಲಿ ಕ್ಯಾನ್ಸರ್ ಆಗಲೇ ಬಂದು ಕೂತಿತ್ತು. ಹೊರಗಿನಿಂದ ಯಾರಿಗೂ ಕಂಡಿರಲಿಲ್ಲ. ಹೌದು, ಹತ್ತರಲ್ಲಿ ಏಳು ಜನಕ್ಕೆ ಕುತ್ತಿಗೆಯ ಆಪರೇಷನ್ ಆ ಲೆಕ್ಕದಲ್ಲಿ ಬೇಕಿರಲಿಲ್ಲ. ಆದರೆ ಆ ಏಳು ಜನ ಯಾರು ಅಂತ ಮೊದಲೇ ಹೇಳಲು ಆಗುವುದಿಲ್ಲ. ಕಾದು ಕೂತು ಗಂಟು ಕಾಣಿಸಿಕೊಂಡಾಗ, ಎಷ್ಟೋ ಜನರಲ್ಲಿ ಅದು ಆಗಲೇ ಗಂಟಿನ ಗೋಡೆ ಒಡೆದು ಹೊರಗೆ ಬಂದಿರುತ್ತದೆ.

ಕುತ್ತಿಗೆ ಆಪರೇಷನ್ ಅಂದರೆ ಹಿಂದೆ ಭಯ ಪಡುವಂಥದ್ದೇ ಆಗಿತ್ತು. 1906ರಲ್ಲಿ ಅಮೆರಿಕದ ಜಾರ್ಜ್ ಕ್ರೈಲ್ ಎಂಬ ಸರ್ಜನ್ ಬರೆದಿಟ್ಟ ವಿಧಾನದಲ್ಲಿ ಗಂಟುಗಳ ಜೊತೆ ಕುತ್ತಿಗೆಯ ದೊಡ್ಡ ಮಾಂಸಖಂಡ, ದೊಡ್ಡ ರಕ್ತನಾಳ, ಭುಜ ಎತ್ತುವ ನರ ಎಲ್ಲ ಹೋಗುತ್ತಿತ್ತು. ಕುತ್ತಿಗೆ ಒಂದು ಕಡೆ ಗುಳಿ ಬಿದ್ದು, ತೋಳು ಜೋತುಬಿದ್ದ ಹಳೆಯ ರೋಗಿಗಳನ್ನು ನಾನು ನೋಡಿದ್ದೇನೆ. ಈಗ ನಿಮ್ಮ ತಾಯಿಯಂಥವರಲ್ಲಿ ಆ ಮೂರನ್ನೂ ಉಳಿಸಿ ಗಂಟು ಮತ್ತು ಸುತ್ತಲಿನ ಕೊಬ್ಬನ್ನಷ್ಟೇ ಬಿಡಿಸಿ ತೆಗೆಯುತ್ತೇವೆ. ಅದೂ ಕುತ್ತಿಗೆಯ ಮೇಲಿನ ಮೂರು ಅಂತಸ್ತಿನ ಗಂಟುಗಳನ್ನು ಮಾತ್ರ ತೆಗೆದರೆ ಸಾಕಾಗುತ್ತದೆ.

ಆಪರೇಷನ್ ದಿನ ಏನಾಗುತ್ತದೆ ಅಂತ ಹೇಳುತ್ತೇನೆ, ಯಾಕೆಂದರೆ ಗೊತ್ತಿಲ್ಲದ್ದಕ್ಕೇ ಹೆದರಿಕೆ ಜಾಸ್ತಿ. ಆಸ್ಪತ್ರೆಯ ಕಾರಿಡಾರಿನಲ್ಲಿ ಇದಕ್ಕೆ ‘ಕಮಾಂಡೋ ಆಪರೇಷನ್’ ಅಂತ ಹೆಸರು. ಹೆಸರು ಕೇಳಿಯೇ ಅರ್ಧ ಜನ ನಡುಗುತ್ತಾರೆ, ಬದಲಾಯಿಸಬೇಕಿತ್ತು. ನಿಮ್ಮ ರಿಪೋರ್ಟ್ ಪ್ರಕಾರ ದವಡೆಯನ್ನು ಪೂರ್ತಿ ತುಂಡು ಮಾಡುವಂತೆ ಕಾಣುವುದಿಲ್ಲ. ಮೇಲಿನ ಅಂಚನ್ನು ಹೆರೆದ ಹಾಗೆ ತೆಗೆದು ಕೆಳಗಿನ ಅಂಚು ಉಳಿಸಬಹುದು. ಆಗ ಮುಖದ ಆಕಾರ ಬಹುಪಾಲು ಉಳಿಯುತ್ತದೆ. ಗಡ್ಡೆಯ ಸುತ್ತ ಸುಮಾರು ಒಂದು ಸೆಂಟಿಮೀಟರ್ ಒಳ್ಳೆಯ ಭಾಗವನ್ನೂ ಸೇರಿಸಿ ತೆಗೆಯುತ್ತಾರೆ. ‘ಒಳ್ಳೆಯದನ್ನು ಯಾಕೆ ತೆಗೀತೀರಿ’ ಅಂತ ಕೇಳುವವರಿಗೆ ನಾನು ಮತ್ತೆ ಗರಿಕೆಯನ್ನೇ ತೋರಿಸುವುದು. ಲ್ಯಾಬಿನವರು ಅಂಚುಗಳಲ್ಲಿ ಕಣ ಇದೆಯಾ ಅಂತ ನೋಡುತ್ತಾರೆ. ಕೆಲವು ಆಸ್ಪತ್ರೆಗಳಲ್ಲಿ ಆಪರೇಷನ್ ನಡೆಯುತ್ತಿರುವಾಗಲೇ ನೋಡಿ ಹೇಳುವ ವ್ಯವಸ್ಥೆ ಇದೆ.

ಖಾಲಿಯಾದ ಜಾಗ ಮುಚ್ಚಲು ಎದೆಯ ಮಾಂಸಖಂಡವನ್ನು ತಿರುಗಿಸಿ ತರಬಹುದು, ಅಥವಾ ಮುಂಗೈಯ ಚರ್ಮವನ್ನು ರಕ್ತನಾಳ ಸಮೇತ ತಂದು ಕುತ್ತಿಗೆಯ ನಾಳಕ್ಕೆ ಜೋಡಿಸಬಹುದು. ಎದೆಯದು ಗಟ್ಟಿ, ನಂಬಿಕಸ್ತ, ಬೇಗ ಮುಗಿಯುತ್ತದೆ. ಆದರೆ ದಪ್ಪ, ಮತ್ತು ಹೆಂಗಸರಲ್ಲಿ ಎದೆಯ ಆಕಾರ ಕೆಡುತ್ತದೆ. ಮುಂಗೈಯದು ತೆಳ್ಳಗೆ, ಬಾಯಿ ಚೆನ್ನಾಗಿ ತೆರೆಯುತ್ತದೆ. ಆದರೆ ಹೆಚ್ಚು ಹೊತ್ತು ಹಿಡಿಯುತ್ತದೆ, ಜೋಡಿಸಿದ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದರೆ ಮತ್ತೆ ಥಿಯೇಟರಿಗೆ ಹೋಗಬೇಕಾಗಬಹುದು. ನಿಮ್ಮ ಸರ್ಜನ್ ಯಾವುದನ್ನು ಮಾಡುತ್ತಾರೆ, ಯಾಕೆ ಅಂತ ಕೇಳಿ. ಕೇಳಿದರೆ ಬೇಜಾರು ಮಾಡಿಕೊಳ್ಳುವುದಿಲ್ಲ. ಮಾಡಿಕೊಂಡರೆ ಅದೂ ಒಂದು ಉತ್ತರವೇ.

ಕಷ್ಟಗಳನ್ನೂ ಮುಚ್ಚಿಡುವುದಿಲ್ಲ. ಒಂದು ವಾರದಿಂದ ಹತ್ತು ದಿನ ಆಸ್ಪತ್ರೆ. ಮೂಗಿನ ನಳಿಕೆಯಲ್ಲಿ ಊಟ. ಕೆಲವರಿಗೆ ಊತ ಇಳಿಯುವವರೆಗೆ ಉಸಿರಿಗೆ ಗಂಟಲಲ್ಲಿ ತೂತು. ಹೊಲಿಗೆ ಬಿಟ್ಟು ಕುತ್ತಿಗೆಯಿಂದ ಜೊಲ್ಲು ಸೋರುವುದು, ಸೋಂಕು, ಸಕ್ಕರೆ ಕಾಯಿಲೆ ಇರುವವರಲ್ಲಿ ಇವು ಜಾಸ್ತಿ. ತುಟಿಯ ಮೂಲೆ ಸ್ವಲ್ಪ ಇಳಿಯಬಹುದು. ಕಿವಿಯ ಕೆಳಗೆ ಮರಗಟ್ಟಿದ ಹಾಗೆ ಇರುತ್ತದೆ, ಅದು ಬಹಳ ತಿಂಗಳು ಹಾಗೇ ಉಳಿಯಬಹುದು. ಬಾಯಿ ತೆರೆಯುವ ವ್ಯಾಯಾಮ ಬಿಟ್ಟರೆ ದವಡೆ ಬಿಗಿದುಕೊಳ್ಳುತ್ತದೆ. ಎರಡನೇ ವಾರಕ್ಕೆ ಮಂಡ್ಯ ಕಡೆಯ ರೋಗಿಗಳು ನನ್ನನ್ನು ಕೇಳುವ ಪ್ರಶ್ನೆ ಯಾವಾಗಲೂ ಒಂದೇ: ‘ಮುದ್ದೆ ಯಾವಾಗ ಸಾರ್?’ ಮೊದಲು ಅಂಬಲಿ, ಗಂಜಿ. ನುಂಗುವುದು ಸಲೀಸಾದ ಮೇಲೆ ಮೆತ್ತಗಿನ ಮುದ್ದೆ. ಮುದ್ದೆ ಅಗಿಯುವ ಊಟವಲ್ಲವಾದ್ದರಿಂದ ನಮ್ಮ ಕಡೆಯವರಿಗೆ ಒಂದು ಅನುಕೂಲವೇ. ಉಪ್ಸಾರಿನ ಖಾರ ಮಾತ್ರ ಬಹಳ ದಿನ ದೂರ.

ಆಪರೇಷನ್ ಆದ ಮೇಲೆ ಬರುವ ಲ್ಯಾಬ್ ರಿಪೋರ್ಟೇ ಮುಂದಿನದನ್ನು ಹೇಳುತ್ತದೆ. ಅಂಚು ಶುದ್ಧ, ಗಂಟುಗಳಲ್ಲಿ ಏನೂ ಇಲ್ಲ, ಗಡ್ಡೆ ಆಳಕ್ಕೆ ಇಳಿದಿಲ್ಲ ಅಂದರೆ ಕರೆಂಟ್ ಬೇಡವಾಗಬಹುದು. ಗಂಟಿನಲ್ಲಿ ಸಿಕ್ಕಿದರೆ ಸಾಮಾನ್ಯವಾಗಿ ಕರೆಂಟ್, ವಾರಕ್ಕೆ ಐದು ದಿನದಂತೆ ಆರು ವಾರ. ಗಂಟಿನ ಗೋಡೆ ಒಡೆದಿದ್ದರೆ ಅಥವಾ ಅಂಚಿನಲ್ಲಿ ಕಣ ಉಳಿದಿದ್ದರೆ ಜೊತೆಗೆ ಕೀಮೋ. ಈ ಕರೆಂಟ್ ಆಪರೇಷನ್ ಆದ ಆರು ವಾರದೊಳಗೆ ಶುರುವಾಗಬೇಕು. ಗಾಯ ಆರಿತು, ಊರಿಗೆ ಹೋದೆವು, ಹಬ್ಬ ಬಂತು ಅಂತ ಮೂರು ತಿಂಗಳ ಮೇಲೆ ಬರುವವರಿಗೆ ಆಪರೇಷನ್ನಿನ ಅರ್ಧ ಲಾಭ ಅಲ್ಲೇ ಕರಗಿರುತ್ತದೆ. ರಿಪೋರ್ಟ್ ಬಂದಾಗ ಹಂತ ಮೇಲೇರಿದರೆ ಗಾಬರಿ ಆಗಬೇಡಿ. ನಿಮ್ಮ ದೊಡ್ಡಪ್ಪ ‘ನೋಡಿದೆಯಾ, ಹರಡಿತು’ ಅನ್ನಬಹುದು. ಮೊದಲೇ ಇದ್ದದ್ದು ಈಗ ಕಂಡಿದೆ, ಅಷ್ಟೇ.

ಯುಗಾದಿವರೆಗೆ ಕಾಯುವ ವಿಷಯ. ಇಲ್ಲಿ ನಾನು ಮೆತ್ತಗೆ ಹೇಳುವುದಿಲ್ಲ. ಬೇಡ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟು ಸೇರಿಸಿ 2020ರಲ್ಲಿ ಒಂದು ಲೆಕ್ಕ ಬಂತು. ಕ್ಯಾನ್ಸರ್ ಆಪರೇಷನ್ ನಾಲ್ಕು ವಾರ ತಡವಾದರೆ ಸಾವಿನ ಅಪಾಯ ನೂರಕ್ಕೆ 6ರಿಂದ 8ರಷ್ಟು ಏರುತ್ತದೆ, ಪ್ರತಿ ನಾಲ್ಕು ವಾರಕ್ಕೂ. ಬಾಯಿ ಕ್ಯಾನ್ಸರಿನಲ್ಲಿ ನನ್ನ ಕಣ್ಣಿಗೆ ಕಂಡದ್ದು ಇನ್ನೂ ಕೆಟ್ಟದಾಗಿದೆ. ಇವತ್ತು ದವಡೆಯ ಅಂಚು ಹೆರೆದರೆ ಸಾಕು ಅನ್ನುವವರಿಗೆ ಎರಡು ತಿಂಗಳ ಮೇಲೆ ಅರ್ಧ ದವಡೆ ತೆಗೆಯಬೇಕಾಗಿ ಬಂದದ್ದಿದೆ. ಕುತ್ತಿಗೆಯ ಗಂಟಿಗೆ ಬಂದರೆ ವಾಸಿಯಾಗುವ ಸಾಧ್ಯತೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಎರಡು ವಾರ ತಗೊಳ್ಳಿ. ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಬೇಕಾದರೆ ಅಷ್ಟರಲ್ಲೇ ತಗೊಳ್ಳಿ. ಬೆಂಗಳೂರಿನ ಕಿದ್ವಾಯಿಗೆ ಹೋಗುವುದಾದರೂ ಸರಿ, ಮೈಸೂರಿನಲ್ಲೇ ಇನ್ನೊಬ್ಬರಿಗೆ ತೋರಿಸುವುದಾದರೂ ಸರಿ. ಹೋಗುವಾಗ ಬರೀ ರಿಪೋರ್ಟಿನ ಕಾಗದ ಸಾಲದು. ಚೂರು ತೆಗೆದ ಲ್ಯಾಬಿನಿಂದ ಗಾಜಿನ ಸ್ಲೈಡು ಮತ್ತು ಮೇಣದ ಬ್ಲಾಕ್ ಕೇಳಿ ಪಡೆಯಿರಿ. ಸ್ಕ್ಯಾನಿನ ಸಿಡಿ ಇಟ್ಟುಕೊಳ್ಳಿ. ಇಲ್ಲದಿದ್ದರೆ ಎಲ್ಲ ಮತ್ತೆ ಮೊದಲಿಂದ, ದುಡ್ಡೂ ದಿನವೂ ದಂಡ.

ದುಡ್ಡಿನ ಮಾತು ನೀವು ಎತ್ತಿಲ್ಲ, ಆದರೆ ಕಬ್ಬು ಕಟಾವಿನ ಹಿಂದೆ ಅದೇ ಇದೆ ಅಂತ ನನ್ನ ಊಹೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಹಾಲಿನ ಸೊಸೈಟಿಯ ಸದಸ್ಯರಾಗಿ ಯಶಸ್ವಿನಿ ಮಾಡಿಸಿದ್ದರೆ ಆ ಕಾರ್ಡನ್ನೂ ಜೊತೆಗೆ ಒಯ್ಯಿರಿ. ಯಾವುದರಲ್ಲಿ ಯಾವ ಚಿಕಿತ್ಸೆ ಬರುತ್ತದೆ, ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕಾ ಅಂತ ಅಡ್ಮಿಟ್ ಆಗುವ ಮುಂಚೆಯೇ ಅಲ್ಲಿನ ಆರೋಗ್ಯಮಿತ್ರರನ್ನು ಕೇಳಿ. ಆಪರೇಷನ್ ಆದ ಮೇಲೆ ಕೇಳಿದರೆ ಏನೂ ಸಿಗುವುದಿಲ್ಲ.

ತೊಗಟೆ ಔಷಧಿ ಬಗ್ಗೆ. ಅದನ್ನು ತಂದುಕೊಟ್ಟವರು ಪ್ರೀತಿಯಿಂದ ತಂದಿದ್ದಾರೆ. ಆದರೆ ಅದರಲ್ಲಿ ಏನಿದೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಲಿವರ್, ಕಿಡ್ನಿ ಕೆಟ್ಟರೆ ಅರಿವಳಿಕೆ ಕೊಡುವುದೇ ಕಷ್ಟವಾಗುತ್ತದೆ. ಈಗಾಗಲೇ ಕೊಟ್ಟಿದ್ದರೆ ಮುಚ್ಚಿಡದೆ ಅರಿವಳಿಕೆ ಡಾಕ್ಟರಿಗೆ ಹೇಳಿ. ಅವರು ಬೈಯಬಹುದು, ಬೈಸಿಕೊಳ್ಳಿ.

ಎಲೆಅಡಿಕೆ ಇವತ್ತೇ ನಿಲ್ಲಬೇಕು. ‘ಹೊಗೆಸೊಪ್ಪು ಬಿಟ್ಟಿದ್ದಾಳೆ, ಬರೀ ಅಡಿಕೆ ಹಾಕ್ತಾಳೆ’ ಅಂತ ಮಕ್ಕಳು ಸಮಾಧಾನ ಹೇಳುತ್ತಾರೆ. ಅಡಿಕೆಯೇ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಹೇಳಿದೆ. ಮೈಸೂರು ಚಿಗುರೆಲೆಯ ಮೇಲೆ ನನಗೇನೂ ಕೋಪವಿಲ್ಲ, ತಕರಾರು ಅದರೊಳಗೆ ಸುತ್ತಿದ್ದರ ಬಗ್ಗೆ. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೆಳೆಯುವ ರೈತರೇ ನನ್ನ ಓಪಿಡಿಗೆ ಬಂದು ಕೂತಾಗ ಏನು ಹೇಳಬೇಕೋ ನನಗೆ ತೋಚುವುದಿಲ್ಲ. ಆಪರೇಷನ್ ಆದ ಮೇಲೂ ಹಾಕಿದರೆ ಬಲಗೆನ್ನೆಯಲ್ಲಿ ಇನ್ನೊಂದು ಹೊಸದೇ ಶುರುವಾಗಬಹುದು.

ಇನ್ನು ಅಮ್ಮನಿಗೆ ಹೇಳದಿರುವುದು. ನೀವು ಅವರನ್ನು ಕಾಪಾಡಲು ಹೀಗೆ ಮಾಡಿದ್ದೀರಿ, ಗೊತ್ತು. ಆದರೆ ಬರೀ ಹುಣ್ಣು ಅಂತ ನಂಬಿ ಮಲಗಿದವರು ಎದ್ದಾಗ ಮೂಗಿನಲ್ಲಿ ನಳಿಕೆ, ಕುತ್ತಿಗೆಯುದ್ದ ಹೊಲಿಗೆ, ಬಾಯಲ್ಲಿ ಎಲ್ಲಿಯದೋ ಚರ್ಮ ಇದ್ದರೆ? ಆಮೇಲೆ ನಿಮ್ಮ ಯಾವ ಮಾತನ್ನು ನಂಬುತ್ತಾರೆ? ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕಾದವರೂ ಅವರೇ. ನನ್ನ ಅನುಭವದಲ್ಲಿ ಹತ್ತರಲ್ಲಿ ಎಂಟು ಅಮ್ಮಂದಿರಿಗೆ ಮೊದಲೇ ಗೊತ್ತಿರುತ್ತದೆ. ಮಕ್ಕಳಿಗೆ ನೋವಾಗಬಾರದು ಅಂತ ಗೊತ್ತಿಲ್ಲದವರ ಹಾಗೆ ಇರುತ್ತಾರೆ. ಎಲ್ಲವನ್ನೂ ಒಂದೇ ದಿನ ಹೇಳಬೇಕಾಗಿಲ್ಲ. ‘ಕೆಟ್ಟ ಹುಣ್ಣು ಅಮ್ಮ, ತೆಗೆಸಬೇಕು, ತೆಗೆಸಿದರೆ ವಾಸಿಯಾಗೋ ಹಂತದಲ್ಲೇ ಇದೆ’ ಅಂತ ಶುರು ಮಾಡಿ. ಅವರು ಮುಂದೆ ಕೇಳಿದಷ್ಟಕ್ಕೆ ನಿಜ ಹೇಳಿ. ನಿಮಗೆ ಆಗದಿದ್ದರೆ ಸರ್ಜನ್ ಹತ್ತಿರ ಕೂರಿಸಿ, ಅವರೇ ಹೇಳಲಿ. ದೊಡ್ಡಪ್ಪನನ್ನೂ ಕರೆದುಕೊಂಡು ಹೋಗಿ. ಹೊರಗೆ ಬೆಂಚಿನ ಮೇಲೆ ಕೂರಿಸಬೇಡಿ, ಒಳಗೆ ಕರೆದು ಅವರ ಅನುಮಾನವನ್ನು ಅವರ ಬಾಯಲ್ಲೇ ಕೇಳಿಸಿ.

ಹಾಲಿನ ಪ್ರಶ್ನೆ ಉಳಿಯಿತು. ಎಡಗಡೆ ಕುತ್ತಿಗೆ ಕೊಯ್ಯುವುದರಿಂದ ಎಡ ಭುಜ ಕೆಲವು ವಾರ ಸೋತ ಹಾಗಿರುತ್ತದೆ. ನರ ಉಳಿಸಿದ್ದರೂ ಅದನ್ನು ಮುಟ್ಟಿ ಬಿಡಿಸಿರುತ್ತಾರಲ್ಲ. ಗೋಡೆಯ ಮೇಲೆ ಬೆರಳು ನಡೆಸುವ ವ್ಯಾಯಾಮವನ್ನು ಫಿಸಿಯೋದವರು ಹೇಳಿಕೊಡುತ್ತಾರೆ, ದಿನಾ ಮಾಡಬೇಕು. ಮುಂಗೈಯಿಂದ ಚರ್ಮ ತೆಗೆಯುವುದಾದರೆ ಅವರು ಯಾವ ಕೈಯಲ್ಲಿ ಜಾಸ್ತಿ ಕೆಲಸ ಮಾಡುತ್ತಾರೆ ಅಂತ ಸರ್ಜನ್‌ಗೆ ಮೊದಲೇ ಹೇಳಿ, ಸಾಮಾನ್ಯವಾಗಿ ಇನ್ನೊಂದು ಕೈಯಿಂದ ತೆಗೆಯುತ್ತಾರೆ. ಕರೆಂಟ್ ಬೇಡವಾದರೆ ಎರಡು ತಿಂಗಳಿಗೆ ಹಾಲು ಕರೆಯಬಹುದು. ಕರೆಂಟ್ ಬೇಕಾದರೆ ನಾಲ್ಕೈದು ತಿಂಗಳು ಅಂತ ಇಟ್ಟುಕೊಳ್ಳಿ. ಅಲ್ಲಿಯವರೆಗೆ ಬೆಳಿಗ್ಗೆ ಐದೂವರೆಗೆ ನೀವೇ ಎದ್ದು ಕರೆಯಬೇಕಾಗುತ್ತದೆ. ಹುಲ್ಲಿನ ಹೊರೆ, ಕ್ಯಾನು ಎತ್ತುವುದು ಅದಕ್ಕಿಂತ ತಡವಾಗಿ, ಡಾಕ್ಟರನ್ನು ಕೇಳಿಕೊಂಡು.